ನಾಲ್ಕು ಬೆರಳ ಮಡಿಕೆ

ಬೆನ್ನು ನೋಡಿಯೇ ಇಂಥವರೆಂದು ಹೇಳಿಬಿಡುವಷ್ಟು ಚಿಕ್ಕ ಊರು ಅದು. ಬಂದರಿನ ದಾರಿಯಲ್ಲಿ ಮುಂದೆ ಹೋಗುವವನ ಮುಖವೇನೂ ಕಾಣಬೇಕಾಗಿರಲಿಲ್ಲ. ಅಂಗಿಯ ಬಣ್ಣ ಕಂಡರೆ ಸಾಕು, ‘ಓ, ಐಸ್ ಫ್ಯಾಕ್ಟರಿಯವನಿಗೆ ಇವತ್ತು ಎಚ್ಚರ ಆಗಿದ್ದು ತಡವಾಗಿ’ ಎಂದು ಹಿಂದಿನವರು ಆಡಿಕೊಳ್ಳುತ್ತಿದ್ದರು. ಅಂಥ ಊರಿನಲ್ಲಿ ಹಳೆ ಬಟ್ಟೆಯ ಅಂಗಡಿ ನಡೆಸುವುದು ಹುಡುಗಾಟವಲ್ಲ.

ದೊಡ್ಡಕ್ಕ ನಡೆಸುತ್ತಿದ್ದಳು. ಅವಳು ಯಾರಿಗೂ ಒಡಹುಟ್ಟಿದ ಅಕ್ಕನಲ್ಲ, ಊರಿಗೆಲ್ಲ ದೊಡ್ಡಕ್ಕ. ಜನ ತಮಗೆ ಬೇಡವಾದ ಕೋಟು, ಲಂಗ, ಬೂಟು, ಕೊಡೆ ತಂದು ಅಲ್ಲಿ ಇಟ್ಟು ಹೋಗುತ್ತಿದ್ದರು. ಮಾರಾಟವಾದರೆ ಇಟ್ಟವರಿಗೊಂದು ಪಾಲು, ಅಂಗಡಿಗೊಂದು ಪಾಲು. ಆಗದಿದ್ದರೆ ಬಂದ ದಾರಿಗೆ ಸುಂಕವಿಲ್ಲದೆ ವಾಪಸು. ಕಿಟಕಿಯ ಪಕ್ಕ ಒಂದು ಹೊಲಿಗೆ ಮಿಷನ್. ಅದರ ಮುಂದೆ ಕೂತು ಹರಿದದ್ದಕ್ಕೆ ತೇಪೆ ಹಾಕುವುದು, ಬಿಗಿಯಾದದ್ದನ್ನು ಬಿಡಿಸುವುದು, ಗುಂಡಿ ಹೋದಲ್ಲಿ ಗುಂಡಿ ಹಚ್ಚುವುದು ಹೊಲಿಗೆಯವಳ ಕೆಲಸ. ಅವಳದು ಮಾತು ಕಡಿಮೆ. ದೊಡ್ಡಕ್ಕನ ನಾಲಿಗೆ ಇಬ್ಬರಿಗೂ ಸಾಲುತ್ತಿತ್ತು.

ಆ ಅಂಗಡಿಯಲ್ಲಿ ಒಂದು ಪದ್ಧತಿ ಇತ್ತು. ಸತ್ತವರ ಬಟ್ಟೆಯನ್ನು ಅದೇ ಊರಿನಲ್ಲಿ ಮಾರುತ್ತಿರಲಿಲ್ಲ. ಹಿಂದೊಮ್ಮೆ, ದೊಡ್ಡಕ್ಕ ಇನ್ನೂ ಹೊಸಬಳಾಗಿದ್ದಾಗ, ಗಂಡನನ್ನು ಕಳೆದುಕೊಂಡ ಹೆಂಗಸೊಬ್ಬಳು ಮೀನಿನ ಕಟ್ಟೆಯ ಹತ್ತಿರ ಅವನದೇ ಗೆರೆಯಂಗಿಯ ಬೆನ್ನನ್ನು ಕಂಡು, ಚೀಲ ಬಿಸಾಕಿ, ಓಡಿಹೋಗಿ ಹಿಂದಿನಿಂದ ಭುಜ ಹಿಡಿದಿದ್ದಳು. ತಿರುಗಿದವನು ಯಾರೋ. ಅವತ್ತು ಆ ಹೆಂಗಸು ಹಾಕಿದ ಕೂಗು ತನ್ನ ಕಿವಿಯಿಂದ ಇನ್ನೂ ಇಳಿದಿಲ್ಲ ಎಂದು ದೊಡ್ಡಕ್ಕ ಹೇಳುತ್ತಿದ್ದಳು. ಆಮೇಲೆ ಅವಳೂ, ನೀರಿನಾಚೆಯ ಬಂದರಿನಲ್ಲಿ ಇಂಥದೇ ಅಂಗಡಿ ಇಟ್ಟಿದ್ದವಳೂ ಸೇರಿ ಈ ಏರ್ಪಾಡು ಮಾಡಿಕೊಂಡರು. ಸತ್ತವರ ಬಟ್ಟೆ ಬಂದರೆ ತೊಳೆದು ಇಸ್ತ್ರಿ ಮಾಡಿ, ಎಡಗಂಕುಳ ಒಳಹೊಲಿಗೆಯಲ್ಲಿ ಬಿಳಿ ದಾರದ ಒಂದು ಗಂಟು ಹಾಕುವುದು. ಇಲ್ಲಿ ಗಂಟು ಬಿದ್ದದ್ದು ಇಲ್ಲಿ ನೇತಾಡಬಾರದು. ಮೂಟೆ ಕಟ್ಟಿ ಲಾಂಚಿನಲ್ಲಿ ಆಚೆ ದಡಕ್ಕೆ. ಅಲ್ಲಿಯ ಗಂಟಿನ ಬಟ್ಟೆ ಅದೇ ಲಾಂಚಿನಲ್ಲಿ ಈಚೆಗೆ. ಯಾರದೆಂದು ಅವರು ಹೇಳುವುದಿಲ್ಲ, ಇವರು ಕೇಳುವುದಿಲ್ಲ.

ಗಂಟು ಹಾಕುವುದೂ ಹೊಲಿಗೆಯವಳೇ. ಮೂರು ಮಳೆಗಾಲದ ಹಿಂದೆ ತನ್ನ ಮಗಳ ಬಟ್ಟೆಗಳಿಗೂ ಅವಳೇ ಹಾಕಿದ್ದಳು.

ಎರಡನೇ ಕ್ಲಾಸಿನ ಹುಡುಗಿ. ಜ್ವರ ಬಂತು, ಹೋಗಲಿಲ್ಲ. ಗಂಡ ಆ ಮೂಟೆ ಸಾಗಿಸುವ ಲಾಂಚಿನದೇ ಡ್ರೈವರ್, ಕೆಲವೇ ದಿನಕ್ಕೆ ಕೆಲಸಕ್ಕೆ ಮರಳಿದ. ಮನೆಯಲ್ಲಿ ಒಬ್ಬಳೇ ಉಳಿದ ಹೊಲಿಗೆಯವಳಿಗೆ ಸಂಜೆಯಾಯಿತೆಂದರೆ ಬಾಗಿಲ ಹಿಂದಿನ ಮೊಳೆಯಲ್ಲಿ ತೂಗಿದ ನೀಲಿ ಕೋಟು ಕೋಟಿನಂತೆ ಕಾಣುತ್ತಿರಲಿಲ್ಲ. ಮುನಿಸಿಕೊಂಡು ಗೋಡೆಗೆ ಮುಖ ಮಾಡಿ ನಿಂತ ಮಗುವಿನಂತೆ ಕಾಣುತ್ತಿತ್ತು. ಒಂದು ದಿನ ತಡೆಯಲಾರದೆ ಬೀರುವನ್ನೂ ಮೊಳೆಯನ್ನೂ ಖಾಲಿ ಮಾಡಿ ಎಲ್ಲವನ್ನೂ ಅಂಗಡಿಗೆ ಒಯ್ದಳು. ಗಂಡನನ್ನು ಕೇಳಲಿಲ್ಲ. ಕೇಳಿದ್ದರೆ ಅವನು ಬೇಡ ಎನ್ನುತ್ತಿದ್ದನೆಂದು ಗೊತ್ತಿತ್ತು.

ವಾರ ಕಳೆದ ಮೇಲೆ ಒಂದು ರಾತ್ರಿ ಅವನು ಬಾಗಿಲು ಹಾಕಿಕೊಳ್ಳುತ್ತ ಮೊಳೆ ನೋಡಿದ.

“ಕೋಟೆಲ್ಲಿ?”

“ಕೊಟ್ಟೆ.”

“ಯಾವ ಮೂಟೆಗೆ ಹೋಯ್ತು?”

“ಹೋದ ವಾರದ್ದಕ್ಕೆ.”

ಅಷ್ಟೇ. ಬೈಯಲಿಲ್ಲ, ತಟ್ಟೆ ಎಸೆಯಲಿಲ್ಲ. ಎಸೆದಿದ್ದರೆ ಚೆನ್ನಾಗಿತ್ತು ಎಂದು ಅವಳಿಗೆ ಎಷ್ಟೋ ಸಲ ಅನಿಸಿದೆ. ಆಮೇಲೆ ಆ ಮನೆಯಲ್ಲಿ ಮಗಳ ಮಾತು ಬರಲಿಲ್ಲ. ‘ಊಟ ಆಯ್ತಾ’, ‘ಕೊಡೆ ತಗೊಳ್ಳಿ’, ‘ಬಾಗಿಲು ಹಾಕ್ಕೋ’ ಇಷ್ಟರಲ್ಲೇ ಸಂಸಾರ ಸಾಗಿತು. ಆ ಕೋಟೊಂದು ಇದ್ದಿದ್ದರೆ, ಎಂದು ಅವಳು ಯೋಚಿಸುತ್ತಿದ್ದಳು. ಅದು ಅವನದೇ ಬಟ್ಟೆ, ಅವನ ಹಳೇ ಡ್ಯೂಟಿ ಕೋಟನ್ನು ಕತ್ತರಿಸಿ, ಬಣ್ಣ ಮಾಸದ ಒಳಮೈಯನ್ನು ಹೊರಗೆ ಮಾಡಿ ಮಗಳಿಗೆ ಹೊಲಿದದ್ದು. ಬೆಳೆಯುವ ಮಗು ಎಂದು ಕೆಳಗೆ ನಾಲ್ಕು ಬೆರಳು ಬಟ್ಟೆ ಒಳಗೆ ಮಡಚಿಟ್ಟಿದ್ದಳು. “ಇದೇನೇ ಇಷ್ಟೊಂದು! ಮದುವೆಗೂ ಇದೇ ಕೋಟಾ?” ಎಂದು ಅವನು ನಕ್ಕಿದ್ದ. ಒಂದು ಬೆರಳೂ ಬಿಡಿಸುವ ಹೊತ್ತು ಬರಲಿಲ್ಲ.

ಮೂರನೆಯ ಮಳೆಗಾಲ ಮುಗಿದ ಮೇಲೊಂದು ದಿನ ಆಚೆ ದಡದ ಮೂಟೆ ಬಂದಿತ್ತು. ಅಂಗಡಿಯಲ್ಲಿ ನಿವೃತ್ತ ಮೇಷ್ಟ್ರು ಪ್ಯಾಂಟೊಂದರೊಳಗೆ ಇಳಿಯಲು ಹೆಣಗುತ್ತಿದ್ದರು.

“ಸೊಂಟ ಯಾಕೋ ಬಿಗಿ ಕಣಮ್ಮಾ,” ಎಂದರು ಪರದೆಯ ಹಿಂದಿನಿಂದ.

“ಪ್ಯಾಂಟಿನ ತಪ್ಪಲ್ಲ ಮೇಷ್ಟ್ರೇ, ನಿಮ್ಮನೆಯವರ ಕೈರುಚಿ ತಪ್ಪು. ಅವರಿಗೆ ಹೇಳ್ತೀನಿ ಬಿಡಿ,” ಎಂದಳು ದೊಡ್ಡಕ್ಕ.

“ಅಯ್ಯೋ, ಹೇಳ್ಬೇಡ. ಇರೋ ಅನ್ನಾನೂ ಹೋಗುತ್ತೆ!”

ಹೊಲಿಗೆಯವಳು ತುಟಿಯಂಚಿನಲ್ಲಿ ನಗುತ್ತಲೇ ಮೂಟೆಯ ಹಗ್ಗ ಬಿಚ್ಚಿದಳು. ಒಂದೊಂದೇ ಬಟ್ಟೆ ಕೊಡವಿ, ಗುಂಡಿ ನೋಡಿ, ಪಕ್ಕಕ್ಕೆ ಇಡುತ್ತ ಹೋದಳು. ಗಂಡಸರ ಅಂಗಿ, ಮುದುಕಿಯ ಶಾಲು, ಸ್ವೆಟರ್. ಕೆಳಗೆ ಕೈ ಹೋದಾಗ ಬೆರಳಿಗೆ ಮೊದಲು ಗೊತ್ತಾಯಿತು, ಕಣ್ಣಿಗೆ ಆಮೇಲೆ. ದಪ್ಪ ನೀಲಿ ಬಟ್ಟೆ. ಕಾಲರಿನ ಹಿಂದೆ ನೇತುಹಾಕಲು ಅವಳೇ ಡ್ಯೂಟಿ ಕೋಟಿನ ಪಟ್ಟಿಯಿಂದ ಹೊಲಿದ ಕುಣಿಕೆ.

ಹೊರಗೆಳೆದಳು. ಎತ್ತಿ ಹಿಡಿದಳು. ಕೋಟು ಅದೇ, ಆದರೆ ಉದ್ದವಾಗಿತ್ತು.

ಕೆಳಗಿನ ಮಡಿಕೆಯನ್ನು ಯಾರೋ ಬಿಡಿಸಿದ್ದರು. ಒಮ್ಮೆಗೇ ಅಲ್ಲ, ಎರಡು ಸಲ. ಹಳೆಯ ಅಂಚಿದ್ದಲ್ಲಿ ಬಣ್ಣ ಮಾಸಿದ ಒಂದು ಗೆರೆ, ಅದರ ಕೆಳಗೆ ಇನ್ನೊಂದು. ಮೊಣಕೈಗೆ ತೇಪೆ, ಹೊಲಿಗೆ ಬಾರದ ಕೈಯ ಕೆಲಸ, ಕೋಳಿಕಾಲಿನಂಥ ಹೊಲಿಗೆ, ಆದರೆ ಗಟ್ಟಿ. ಐದು ಗುಂಡಿಗಳಲ್ಲಿ ಒಂದು ಕಂದು ಬಣ್ಣದ್ದು. ಯಾವುದೋ ಹುಡುಗಿ ಇದರೊಳಗೆ ಬೆಳೆದಿದ್ದಾಳೆ. ಗೋಡೆಗೆ ಮೊಣಕೈ ಉಜ್ಜಿದ್ದಾಳೆ, ಗುಂಡಿ ಕಿತ್ತುಕೊಂಡು ಅಮ್ಮನ ಕೈಲಿ ಬೈಸಿಕೊಂಡಿದ್ದಾಳೆ. ಹೊಲಿಗೆಯವಳು ಆ ಗೆರೆಗಳ ಮೇಲೆ ಬೆರಳಾಡಿಸಿದಳು.

ಮರುಕ್ಷಣವೇ ನೆನಪಾಯಿತು. ಇದು ಗಂಟಿನ ಮೂಟೆ. ಆಚೆ ದಡದಿಂದ ಈಚೆಗೆ ಬಂದಿದೆಯೆಂದರೆ ಅಲ್ಲಿ—

ಅವಳು ಎಡತೋಳನ್ನು ಒಳಗು ಹೊರಗು ಮಾಡಿದಳು. ನೋಡುವ ಧೈರ್ಯ ಬರಲಿಲ್ಲ. “ಅಕ್ಕಾ,” ಎಂದಳು. ದನಿ ಅವಳದೇ ಅನಿಸಲಿಲ್ಲ. “ಅಕ್ಕಾ, ಬನ್ನಿ ಇಲ್ಲಿ. ಗಂಟು ಎಷ್ಟಿದೆ ನೋಡಿ. ನನ್ನದೊಂದೇನಾ, ಅವರು ಹಾಕಿದ್ದು ಇನ್ನೊಂದೂ ಇದೆಯಾ?”

“ಎಷ್ಟಿರುತ್ತೆ, ಒಂದು...” ಎನ್ನುತ್ತ ಬಂದ ದೊಡ್ಡಕ್ಕ ಕೋಟಿನ ಗುರುತು ಹಿಡಿದಳು. ಮೇಷ್ಟ್ರನ್ನು ನಾಳೆ ಬರಲು ಹೇಳಿ, ಬಾಗಿಲು ಅರ್ಧ ಎಳೆದು, ಕನ್ನಡಕ ಏರಿಸಿ ಕಂಕುಳ ಹೊಲಿಗೆಯನ್ನು ಬೆಳಕಿಗೆ ಹಿಡಿದಳು. ಉಗುರಿನಿಂದ ಒಂದು ತುದಿಯಿಂದ ಇನ್ನೊಂದು ತುದಿಗೆ ಗೀರಿಕೊಂಡು ಹೋದಳು.

“ಒಂದೇ.”

“ಸರಿಯಾಗಿ ನೋಡಿ.”

“ಒಂದೇ ಕಣೇ. ನೀನು ಹಾಕಿದ್ದೇ. ಎರಡು ಸುತ್ತು ಸುತ್ತಿ ಎಳೆಯೋದು ನೀನೊಬ್ಬಳೇ. ಆಚೆ ದಡದ ಅಂಗಡಿಯವಳು ಒಂದೇ ಸುತ್ತು ಹಾಕೋದು, ಸೋಮಾರಿ.” ದೊಡ್ಡಕ್ಕ ಸ್ಟೂಲಿನ ಮೇಲೆ ಕುಕ್ಕರಿಸಿದಳು. “ಹುಡುಗಿಗೆ ಕೋಟು ಚಿಕ್ಕದಾಗಿದೆ. ಅವರಮ್ಮ ತಂದು ಅಂಗಡೀಲಿ ಇಟ್ಟಿದ್ದಾಳೆ. ಅಂಗಡಿಯವಳು ಒಳಗೆ ಗಂಟು ನೋಡಿದ್ದಾಳೆ, ತಾನೇ ಹಾಕಿದ್ದು ಅಂದ್ಕೊಂಡು ಮೂಟೆಗೆ ತುರುಕಿದ್ದಾಳೆ. ಗಂಟಿನ ಮೇಲೆ ಊರ ಹೆಸರು ಬರೆದಿರುತ್ತಾ? ನಾವು ಮಾಡಿಕೊಂಡ ಪದ್ಧತಿ ನಮಗೇ ತಿರುಗಿ ಬಂತು ನೋಡು.”

ಹೊಲಿಗೆಯವಳು ಕೋಟಿನಲ್ಲಿ ಮುಖ ಹುದುಗಿಸಿದಳು. ಮಗಳ ವಾಸನೆ ಇರಲಿಲ್ಲ. ಯಾವುದೋ ಬೇರೆ ಮನೆಯ ಸೋಪು.

“ಬದುಕಿದ್ದಾಳೆ, ಅಲ್ವಾ ಅಕ್ಕಾ ಆ ಹುಡುಗಿ?”

“ಇದ್ದಾಳೆ. ತಾಯಿಯ ಎದೆ ಮಟ್ಟಕ್ಕೆ ಬಂದಿರ್ತಾಳೆ.” ದೊಡ್ಡಕ್ಕ ಕನ್ನಡಕ ತೆಗೆದು ಹೇಳಿದಳು, “ತಗೊಂಡು ಹೋಗೇ ಮನೆಗೆ.”

“ನಮ್ಮನೆಯವರು ಕೇಳಿದ್ದು ಇದೊಂದೇ.”

“ಅದಕ್ಕೇ ಹೇಳಿದ್ದು.”

ಮಧ್ಯಾಹ್ನ ಅವಳು ಕೋಟನ್ನು ಮಿಷನ್ನಿನ ಮೇಲೆ ಹರಡಿದಳು. ಗಂಡ ಕಳೆದುಕೊಂಡದ್ದು ಇಷ್ಟುದ್ದದ್ದಲ್ಲ. ತೇಪೆ ಬಿಚ್ಚಿ, ಗುಂಡಿ ಬದಲಾಯಿಸಿ, ಅಂಚನ್ನು ಮೊದಲಿನ ಗೆರೆಗೆ ಮಡಚಿ ಹೊಲಿದರೆ ಅದೇ ಹಳೇ ಕೋಟು. ಹೋದದ್ದನ್ನು ಹೋದಹಾಗೇ ತಂದುಕೊಟ್ಟಂತೆ. ಮಡಚಿ ಗುಂಡುಸೂಜಿ ಚುಚ್ಚಿದಳು. ಒಂದು, ಎರಡು. ಮೂರನೆಯದಕ್ಕೆ ಕೈ ನಿಂತಿತು. ಬಿಡಿಸಿದ ಬಟ್ಟೆ ಒಳಗೆ ಹೋಗುತ್ತಿದ್ದ ಹಾಗೆ ಯಾವುದೋ ತಾಯಿ ಖುಷಿಯಿಂದ ಅಳೆದು ಅಳೆದು ಬಿಡಿಸಿದ್ದನ್ನು ತಾನು ಕತ್ತಲೆಗೆ ತಳ್ಳುತ್ತಿದ್ದೇನೆ ಅನಿಸಿತು. ಸೂಜಿಗಳನ್ನು ಕಿತ್ತು, ಕೋಟನ್ನು ಹಾಗೇ ಚೀಲಕ್ಕೆ ಹಾಕಿಕೊಂಡಳು.

ಗಂಡ ಬಂದಾಗ ಹೊರಗೆ ಇನ್ನೂ ಬೆಳಕಿತ್ತು. ಕೈಕಾಲು ತೊಳೆದು ಬಂದವನು ಬಾಗಿಲು ಹಾಕಲು ತಿರುಗಿ, ಮೊಳೆ ನೋಡಿ, ಕಂಬದಂತೆ ನಿಂತ. ಟವೆಲು ಕೈಯಿಂದ ಜಾರಿದ್ದೂ ಗೊತ್ತಾಗಲಿಲ್ಲ ಅವನಿಗೆ.

“ರೀ,” ಎಂದಳು ಅವಳು ಅಡುಗೆಮನೆಯ ಬಾಗಿಲಲ್ಲಿ. “ಇವತ್ತಿನ ಮೂಟೇಲಿ ಬಂತು. ಆ ಕಡೆ ಒಂದು ಹುಡುಗಿ ಹಾಕ್ಕೊಂಡಿದ್ಲು. ಚಿಕ್ಕದಾಯ್ತು ಅಂತ ಕೊಟ್ಟಿದ್ದಾರೆ. ಚೆನ್ನಾಗಿದ್ದಾಳೆ ಆ ಹುಡುಗಿ. ಗಂಟು ಒಂದೇ ಇದೆ, ದೊಡ್ಡಕ್ಕನೇ ನೋಡಿದ್ರು.” ಒಂದೇ ಉಸಿರಿಗೆ ಹೇಳಿದಳು. “ಅವತ್ತು ನಿಮ್ಮನ್ನ ಕೇಳದೆ ಕೊಟ್ಟೆ. ನಿಮಗೆ ನನ್ನ ಮೇಲೆ...”

“ಇವತ್ತಿನ ಮೂಟೇನಾ?” ಎಂದ ಅವನು. ನೋಟ ಕೋಟಿನ ಮೇಲಿಂದ ಕದಲಿರಲಿಲ್ಲ. “ಹಾಗಾದ್ರೆ ತಂದಿದ್ದೂ ನಾನೇ.”

“ಹೂಂ.”

“ಒಯ್ದಿದ್ದೂ ನಾನೇ.”

ಅವಳು ಅಡುಗೆಮನೆಯ ಬಾಗಿಲಿಂದ ಹತ್ತಿರ ಬಂದಳು.

“ಅವತ್ತು ಎಂಜಿನ್ ರೂಮಲ್ಲಿ ಕೂರೋಕೆ ಜಾಗ ಇರ್ಲಿಲ್ಲ. ಮೂಟೆ ಮೆತ್ತಗಿತ್ತು. ಅದರ ಮೇಲೆ ಕೂತು ಟೀ ಕುಡಿದೆ ಕಣೇ. ಆ ದಡ ಬರೋ ತನಕ. ಮಗಳ ಮೇಲೆ ಕೂತಿದ್ದೀನಿ ಅಂತ ನನಗೇನು ಗೊತ್ತು? ನೀನು ‘ಹೋದ ವಾರದ್ದಕ್ಕೆ’ ಅಂದಾಗ ಗೊತ್ತಾಯ್ತು. ಯಾವ ಬಾಯಲ್ಲಿ ಹೇಳ್ಲಿ ನಿನಗೆ?”

ಮೂರು ಮಳೆಗಾಲ ತಾನು ಸಿಟ್ಟೆಂದುಕೊಂಡದ್ದು ಸಿಟ್ಟಾಗಿರಲಿಲ್ಲ. ಒಂದೇ ಮನೆಯಲ್ಲಿ ಇಬ್ಬರೂ ಒಬ್ಬರಿಗೊಬ್ಬರು ಮುಖ ತಪ್ಪಿಸಿಕೊಂಡು, ಒಬ್ಬೊಬ್ಬರೇ ತಪ್ಪಿತಸ್ಥರಾಗಿ ಬದುಕಿದ್ದರು. ಹೊಲಿಗೆಯವಳು ಟವೆಲು ಎತ್ತಿ ಅವನ ಕೈಗೆ ಕೊಟ್ಟಳು. ಅವನು ಅದರಲ್ಲಿ ಮುಖ ಒರೆಸಿಕೊಂಡ, ಬಹಳ ಹೊತ್ತು.

ಆಮೇಲೆ ಮೊಳೆಯ ಹತ್ತಿರ ಹೋಗಿ ಮಂಡಿಯೂರಿ ಕೂತ. ಕೋಟಿನ ಅಂಚು ಹಿಡಿದು ಒಂದು ಗೆರೆ ಮುಟ್ಟಿದ, ಇನ್ನೊಂದು ಮುಟ್ಟಿದ.

“ಇಷ್ಟು ಎತ್ತರ ಆಗಿರ್ತಿದ್ಲಾ?”

“ಆಗಿರ್ತಿದ್ಲು,” ಎಂದಳು ಅವಳು. ಆ ಮನೆಯಲ್ಲಿ ಮಗಳ ಬಗ್ಗೆ ಮೂರು ವರ್ಷದಲ್ಲಿ ಅವಳ ಬಾಯಿಂದ ಬಂದ ಮೊದಲ ಮಾತು. “ನಿಮ್ಮ ಕಡೆಯವರೆಲ್ಲ ಉದ್ದ ಅಲ್ವಾ.”

ಅವನು ಅಂಚನ್ನು ಒಳಮುಖ ಮಾಡಿ ಹೆಬ್ಬೆರಳಿನಿಂದ ಒತ್ತಿ ನೋಡಿದ. “ಒಳಗೆ ಇನ್ನೂ ಇದೆ.”

“ಒಂದು ಬೆರಳಿದೆ. ಅಷ್ಟನ್ನ ಬಿಡಿಸಬಾರದು ರೀ. ಮತ್ತೆ ಅಂಚು ಹೊಲಿಯೋಕೆ ಬಟ್ಟೆ ಇರಲ್ಲ, ಎಳೆ ಬಿಡುತ್ತೆ.”

“ಬಿಡ್ಲಿ.”

ಅವಳು ಚಿಕ್ಕ ಕತ್ತರಿ ತಂದಳು. ಅವನು ಕೋಟನ್ನು ಮೊಳೆಯಿಂದ ಇಳಿಸಿ ತೊಡೆಯ ಮೇಲೆ ಬಿಗಿಯಾಗಿ ಹಿಡಿದುಕೊಂಡ. ಅವಳು ಆ ಇನ್ನೊಬ್ಬ ತಾಯಿಯ ದಪ್ಪ ಹೊಲಿಗೆಯನ್ನು ಒಂದೊಂದಾಗಿ ತೆಗೆಯುತ್ತ ಸುತ್ತಲೂ ಬಂದಳು. ಕಡೆಯ ದಾರ ಬಂದಾಗ ಬಟ್ಟೆ ತಾನಾಗಿ ಕೆಳಗೆ ಇಳಿಯಿತು. ಬಿಸಿಲು ಕಂಡಿರದ ಆ ಒಂದು ಬೆರಳಗಲದ ಪಟ್ಟಿ ಗಾಢ ನೀಲಿಯಾಗಿತ್ತು.

“ನನ್ನ ಕೋಟು ಹೊಸದರಲ್ಲಿ ಈ ಬಣ್ಣ ಇತ್ತು,” ಎಂದ ಅವನು. “ಅವಳು ಹುಟ್ಟಿದಾಗ ಆಸ್ಪತ್ರೆಗೆ ಅದನ್ನೇ ಹಾಕ್ಕೊಂಡು ಓಡಿ ಬಂದಿದ್ದೆ.”

“ಗೊತ್ತು.”

ಅವಳು ಕೋಟನ್ನು ಮತ್ತೆ ಮೊಳೆಗೆ ಹಾಕಿದಳು. ಬರಿಯ ಅಂಚಿನಿಂದ ಎಳೆಗಳು ಆಗಲೇ ಒಂದೊಂದಾಗಿ ಸಡಿಲಾಗಿ ಇಳಿಬಿದ್ದಿದ್ದವು. ಇಬ್ಬರೂ ನೆಲದ ಮೇಲೆ ಕೂತು ಅದನ್ನೇ ನೋಡಿದರು. ಒಳಗೆ ಇನ್ನು ಬಿಡಿಸಲು ಏನೂ ಉಳಿದಿರಲಿಲ್ಲ.