ಹಿಂದಿನ ಬೆಂಚಿಗೂ ಕಾಣುವ ಹೊಲಿಗೆ

ಕಟಿಂಗ್ ಮಾಸ್ಟರರ ಮನೆಯ ನಡುಕೋಣೆಯಲ್ಲಿ ಹೊಲಿಗೆ ಯಂತ್ರ ಇದ್ದ ಜಾಗಕ್ಕೆ ಈಗ ಕಂಪ್ಯೂಟರ್ ಬಂದು ಕೂತಿತ್ತು. ಮಗ ಓದುವಾಗ ಕೊಂಡದ್ದು. ಅವನು ಬಸ್ ಚಾಲಕನಾಗಿ ಊರೂರು ತಿರುಗತೊಡಗಿದ ಮೇಲೆ ಅದರ ಮೇಲೊಂದು ಬಟ್ಟೆ ಹೊದಿಸಿ, ಇಸ್ತ್ರಿ ಮಾಡಿದ ಅಂಗಿಗಳನ್ನು ಇಡುತ್ತಿದ್ದರು. ಆ ಬಟ್ಟೆ ತೆಗೆದವಳು ಸೊಸೆ.

ಸೊಸೆಯದು ವಿಡಿಯೋ ಕೆಲಸ. ಹೆಗಲಿಗೆ ಕ್ಯಾಮೆರಾ ಹಾಕಿಕೊಂಡು ಮದುವೆ, ಶಾಲೆ, ಸಭೆ ಎಂದು ಕರೆದಲ್ಲಿಗೆ ಹೋಗಿ ಚಿತ್ರ ತೆಗೆಯುತ್ತಿದ್ದಳು. ತೆಗೆದದ್ದನ್ನು ಕತ್ತರಿಸಿ ಜೋಡಿಸುವುದಕ್ಕೆ ಮಾತ್ರ ಪೇಟೆಯ ಸ್ಟುಡಿಯೋಗೆ ಒಯ್ಯಬೇಕಿತ್ತು. ಅಲ್ಲಿಂದ ಹೊರಬರುವ ಹೊತ್ತಿಗೆ ಚಿತ್ರದ ಮೊದಲಿಗೂ ಕೊನೆಗೂ ಸ್ಟುಡಿಯೋದ ಹೆಸರು ಕೂತಿರುತ್ತಿತ್ತು. ಈಗ ಹೊಲಿಗೆ ತರಬೇತಿ ಕೇಂದ್ರದ ಮೇಡಂ ಅವಳಿಗೇ ನೇರವಾಗಿ ಒಂದು ಕೆಲಸ ಹೇಳಿದ್ದರು. ಕೈಯಲ್ಲಿ ಕಾಜ ಹೊಲಿಯುವುದು ಹೇಗೆ ಎಂಬ ಆರು ನಿಮಿಷದ ಪಾಠ, ಗುರುವಾರಕ್ಕೆ ಬೇಕು. ದೊಡ್ಡ ತೆರೆಯ ಮೇಲೆ ಹಾಕಿದಾಗ ಕೊನೆಯ ಬೆಂಚಿನಲ್ಲಿ ಕೂತವರೂ ಗುಂಡಿಯ ತೂತಿನ ಸುತ್ತಲಿನ ಹೊಲಿಗೆಗಳನ್ನು ಒಂದೊಂದಾಗಿ ಎಣಿಸಬೇಕು. ಎಣಿಸಿದರೆ ವರ್ಷದ ಪಾಠಗಳೆಲ್ಲ ಅವಳಿಗೆ, ಇಲ್ಲವಾದರೆ ಸ್ಟುಡಿಯೋಗೆ.

ಪಾಠದಲ್ಲಿ ಹೊಲಿಯುವ ಕೈಗಳು ಮಾಸ್ಟರರವೇ. ಸೊಸೆ ಅವರನ್ನು ಕಿಟಕಿಯ ಪಕ್ಕ ಕೂರಿಸಿ, ಒಂದೇ ಥರದ ಎರಡು ಕಾಜ ಹೊಲಿಸಿ, ಒಮ್ಮೆ ದೂರದಿಂದ, ಇನ್ನೊಮ್ಮೆ ಸೂಜಿಯ ಮೂತಿಗೇ ಕ್ಯಾಮೆರಾ ತಾಗುವಷ್ಟು ಹತ್ತಿರದಿಂದ ಚಿತ್ರ ತೆಗೆದಿದ್ದಳು. ಮನೆಯಲ್ಲೇ ಎಡಿಟ್ ಮಾಡುತ್ತೇನೆ ಎಂದದ್ದಕ್ಕೆ ಸ್ಟುಡಿಯೋದವನು ಮೂಗು ಮುರಿದಿದ್ದನಂತೆ. ಮನೆ ಕಂಪ್ಯೂಟರಿಗೆ ಎಚ್‌ಡಿ ಚಿತ್ರ ಹೊರಿಸುವುದೂ ಮಗುವಿನ ಮೂರು ಗಾಲಿ ಸೈಕಲ್ಲಿಗೆ ಬೀರು ಹೊರಿಸುವುದೂ ಒಂದೇ ಎಂದನಂತೆ. ಇದನ್ನು ಹೇಳುವಾಗ ಸೊಸೆ ನಗುತ್ತಲೇ ಹೇಳಿದಳು. ಆಮೇಲೆ ತಟ್ಟೆ ತೊಳೆಯುತ್ತಾ ಗೋಡೆಗೆ ಹೇಳಿದಂತೆ ಒಂದು ಮಾತು ಆಡಿದಳು.

“ಕಣ್ಣು ನಂದು, ಕೈ ನಂದು. ಹೆಸರು ಮಾತ್ರ ಅವರದ್ದು.”

ಮಾಸ್ಟರರು ಕೇಳಿಸಿಕೊಂಡರು. ನಲವತ್ತೊಂದು ವರ್ಷ ಅವರು ಒಂದೇ ಅಂಗಡಿಯಲ್ಲಿ ಬಟ್ಟೆ ಕತ್ತರಿಸಿ, ಕಾಜವನ್ನೂ ಹೊಲಿದವರು. ಯಾರ ಭುಜ ಎಷ್ಟು, ಯಾರ ಬಲಗೈ ಎಡಗೈಗಿಂತ ಎಷ್ಟು ಉದ್ದ ಎಂಬುದೆಲ್ಲ ಇವತ್ತಿಗೂ ನಾಲಿಗೆ ತುದಿಯಲ್ಲಿತ್ತು. ಆದರೆ ಅವರು ಕತ್ತರಿಸಿದ ಒಂದೊಂದು ಅಂಗಿಯ ಕಾಲರಿನ ಒಳಗೂ ಇದ್ದದ್ದು ಅಂಗಡಿ ಯಜಮಾನರ ಹೆಸರಿನ ಪಟ್ಟಿ. ಅದನ್ನು ಅವರು ಯಾರ ಬಳಿಯೂ ಹೇಳಿಕೊಂಡವರಲ್ಲ. ಆ ಸಂಜೆಯೂ ಹೇಳಲಿಲ್ಲ. ಎದ್ದು ಹೋಗಿ ಸ್ಕ್ರೂ ಡ್ರೈವರ್ ತಂದು ಸೊಸೆಯ ಮುಂದೆ ಇಟ್ಟರು, ಅಷ್ಟೇ.

ಮರುದಿನ ಇಬ್ಬರೂ ಕೂತು ಪೆಟ್ಟಿಗೆ ಬಿಚ್ಚಿದರು. ಒಳಗೆ ದಿಂಬು ತುಂಬುವಷ್ಟು ಧೂಳಿತ್ತು. ಮಾಸ್ಟರರು ಬ್ರಷ್ಷಿನಿಂದ ಗುಡಿಸಿದರು, ಬಿಚ್ಚಿದ ಸ್ಕ್ರೂಗಳನ್ನು ಗುಂಡಿ ಡಬ್ಬಿಯ ಒಂದೊಂದು ಮನೆಯಲ್ಲಿ ಕ್ರಮವಾಗಿ ಇಟ್ಟರು. ರಿಪೇರಿಯವನ ಬಳಿ ಯಾರೋ ಬಿಟ್ಟುಹೋಗಿದ್ದ ಎರಡು ರ್‍ಯಾಮ್ ಪಟ್ಟಿಗಳನ್ನು ಸೊಸೆ ಅಗ್ಗಕ್ಕೆ ತಂದಿದ್ದಳು. ಹಳೆಯ ಡಿಸ್ಕ್ ತೆಗೆದು ಬೇಗ ಓಡುವ ಹೊಸದೊಂದನ್ನು ಹಾಕಿದಳು. ಎಡಿಟಿಂಗ್ ಸಾಫ್ಟ್‌ವೇರ್ ಪುಕ್ಕಟೆಯಾಗಿ ಸಿಗುವಂಥದ್ದು. ಎಲ್ಲ ಮುಗಿಸಿ ಚಿತ್ರವನ್ನು ಓಡಿಸಿದಳು.

ಸೂಜಿ ಬಟ್ಟೆಯೊಳಗೆ ಹೋಯಿತು. ಹೋದದ್ದು ಅಲ್ಲೇ ನಿಂತಿತು. ಕಾದು ಕಾದು ಸಾಕಾದ ಮೇಲೆ ಒಮ್ಮೆಲೇ ಮೂರು ಹೊಲಿಗೆ ಆಚೆ ಹೋಗಿ ತಲೆ ಎತ್ತಿತು.

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅತ್ತೆ, “ನಿಮ್ಮ ಮಾವನ ಮಂಡಿನೋವು ಇದಕ್ಕೂ ಅಂಟಿಕೊಂಡಿದೆ ನೋಡು. ಕೂತ್ರೆ ಏಳಲ್ಲ, ಎದ್ರೆ ನಿಲ್ಲಲ್ಲ” ಎಂದರು.

ಸೊಸೆಗೆ ನಗು ಬರಲಿಲ್ಲ. ಇಡೀ ಮಧ್ಯಾಹ್ನ ಏನೇನೋ ಒತ್ತಿ ನೋಡಿದಳು. ಚಿತ್ರ ಹಾಗೇ ಕುಂಟಿತು. ಕೊನೆಗೆ ಕೈಚೆಲ್ಲಿ, ಸ್ಟುಡಿಯೋಗೆ ಕೊಡುವುದೇ ಸೈ ಎಂದು ಕ್ಯಾಮೆರಾದ ಚೀಲ ಕಟ್ಟತೊಡಗಿದಳು. ಹಿಂದೆ ಸ್ಟೂಲಿನ ಮೇಲೆ ಕೂತಿದ್ದ ಮಾಸ್ಟರರು ಆಗ ಕೇಳಿದರು.

“ಇದಕ್ಕೆ ಕಾಗದ ಇಲ್ವೇನಮ್ಮ?”

ಅವಳಿಗೆ ಅರ್ಥವಾಗಲಿಲ್ಲ. ಮಾಸ್ಟರರು ನಿಧಾನವಾಗಿ ಬಿಡಿಸಿ ಹೇಳಿದರು. ಬೆಲೆಬಾಳುವ ಕೋಟಿನ ಬಟ್ಟೆ ಬಂದರೆ ತಾವು ಮೊದಲೇ ಅದಕ್ಕೆ ಕತ್ತರಿ ಹಾಕುತ್ತಿರಲಿಲ್ಲ. ಹಳೆಯ ಸುದ್ದಿಪತ್ರಿಕೆ ಹರಡಿ, ಅದರ ಮೇಲೆ ಗೆರೆ ಎಳೆದು ಕತ್ತರಿಸಿ, ತಿದ್ದಿ, ಮತ್ತೆ ಕತ್ತರಿಸಿ, ಎಲ್ಲ ಸರಿ ಅನಿಸಿದ ಮೇಲೆ ಆ ಕಾಗದವನ್ನು ಬಟ್ಟೆಯ ಮೇಲಿಟ್ಟು ಕತ್ತರಿಸುತ್ತಿದ್ದರು. ಅಲ್ಲಿಯವರೆಗೆ ಬಟ್ಟೆ ಬೀರುವಿನಲ್ಲಿ ಬೆಚ್ಚಗೆ ಮಲಗಿರುತ್ತಿತ್ತು. ಈ ಯಂತ್ರಕ್ಕೆ ಭಾರವಾದ ಚಿತ್ರವನ್ನು ಎತ್ತುವುದಕ್ಕೇ ಆಗುತ್ತಿಲ್ಲ ಎಂದಮೇಲೆ, ಕತ್ತರಿಸುವಾಗ ಹಗುರವಾದದ್ದೇನಾದರೂ ಇಟ್ಟುಕೊಳ್ಳಬಾರದೇ ಎಂಬುದಷ್ಟೇ ಅವರ ಪ್ರಶ್ನೆ.

ಸೊಸೆ ಚೀಲ ಕೆಳಗಿಟ್ಟಳು. “ಇದೆ ಮಾವ. ಪ್ರಾಕ್ಸಿ ಅಂತಾರೆ. ಓದಿದ್ದೆ, ತಲೆಗೆ ಹೋಗಿರಲಿಲ್ಲ.”

ಸಾಫ್ಟ್‌ವೇರ್ ಒಂದೊಂದು ಚಿತ್ರಕ್ಕೂ ಒಂದು ಸಣ್ಣ ಪ್ರತಿ ಮಾಡಿಕೊಳ್ಳುತ್ತದೆ. ಕತ್ತರಿಸುವುದು ಆ ಸಣ್ಣದರ ಮೇಲೆ. ಕೊನೆಗೆ ಗುಂಡಿ ಒತ್ತಿದರೆ ಅದೇ ಗೆರೆಗಳಲ್ಲಿ ದೊಡ್ಡ ಚಿತ್ರ ಕತ್ತರಿಸಿಕೊಂಡು ಹೊರಬರುತ್ತದೆ. ಸಂಜೆಯ ಹೊತ್ತಿಗೆ ಪ್ರತಿಗಳು ಸಿದ್ಧವಾದವು. ತುಸು ಮಸುಕಾಗಿದ್ದವು ನಿಜ, ಆದರೆ ಸೂಜಿ ನೀರಿನಲ್ಲಿ ಮೀನು ಹೋದಂತೆ ಹೋಗಿ ಬರುತ್ತಿತ್ತು.

ಸೊಸೆಗೆ ಶಾಲೆಯೊಂದರ ಆಟೋಟದ ಚಿತ್ರ ತೆಗೆಯಲು ಎರಡು ದಿನ ಹೋಗಲೇಬೇಕಿತ್ತು. ಬಂದ ಮೇಲೆ ಉಳಿಯುವುದು ಒಂದೂವರೆ ದಿನ. ಹಾಗಾಗಿ ಮಾವನಿಗೆ ಮೂರು ಕೀಲಿಗಳನ್ನು ತೋರಿಸಿಕೊಟ್ಟಳು. ಇದು ಓಡಿಸುವುದು, ಇದು ನಿಲ್ಲಿಸುವುದು, ಇದು ಕತ್ತರಿ. ಬೇಕಾದ ತುಂಡುಗಳನ್ನು ಸಾಲಾಗಿ ಇಟ್ಟಿರಿ, ಮಿಕ್ಕದ್ದು ನಾನು ನೋಡಿಕೊಳ್ಳುತ್ತೇನೆ ಎಂದಳು. ಅವಳು ಗೇಟು ದಾಟುವ ಮೊದಲೇ ಮಾಸ್ಟರರು ಕನ್ನಡಕ ಏರಿಸಿ ಕೂತಿದ್ದರು.

ಎರಡು ದಿನ ಅವರು ಆ ಕುರ್ಚಿಯಿಂದ ಎದ್ದದ್ದು ಊಟಕ್ಕೆ ಮತ್ತು ನಿದ್ದೆಗೆ. ಎಲ್ಲಿ ಕತ್ತರಿಸಬೇಕೆಂದು ಮಾನಿಟರಿನ ಗಾಜಿನ ಮೇಲೆ ಬಟ್ಟೆಗೆ ಗೆರೆ ಎಳೆಯುವ ಸೀಮೆಸುಣ್ಣದಿಂದ ಗುರುತು ಮಾಡಿದ್ದನ್ನು ನೋಡಿ ಅತ್ತೆ ಹಣೆ ಹಣೆ ಚಚ್ಚಿಕೊಂಡರು, ಒದ್ದೆ ಬಟ್ಟೆಯಿಂದ ಒರೆಸಿದರು. ಮಾಸ್ಟರರು ಮತ್ತೆ ಎಳೆದರು.

ಸೊಸೆ ಬಂದವಳೇ ಓಡಿಸಿ ನೋಡಿದಳು. ದೂರದ ಚಿತ್ರದಲ್ಲಿ ಸೂಜಿ ಒಳಹೋಗಿ ದಾರ ಎಳೆಯಿತು. ಚಿತ್ರ ಬದಲಾಗಿ ಹತ್ತಿರದಿಂದ ಕಂಡಾಗ ಅದೇ ಸೂಜಿ ಅದೇ ಜಾಗದಲ್ಲಿ ಮತ್ತೊಮ್ಮೆ ಒಳಹೋಗಿ, ಅದೇ ದಾರವನ್ನು ಮತ್ತೊಮ್ಮೆ ಎಳೆಯಿತು. ಮುಂದಿನ ಜೋಡಣೆಯಲ್ಲೂ ಹಾಗೆಯೇ. ಇಪ್ಪತ್ತು ಕಡೆಯೂ ಹಾಗೆಯೇ.

“ಮಾವ, ಪ್ರತಿ ತುಂಡಿಗೂ ಮಾರ್ಜಿನ್ ಬಿಟ್ಟಿದ್ದೀರಾ?”

“ಬಿಡದೆ ಇರ್ತಾರಾ?” ಎಂದರು ಮಾಸ್ಟರರು. “ಎರಡೂ ಕಡೆ ಬೆರಳಷ್ಟು ಬಿಡದೆ ಇದ್ರೆ ಹೊಲಿಯೋದು ಯಾವುದರ ಮೇಲೆ?”

ಸೊಸೆ ನಗತೊಡಗಿದವಳು ಹೊಟ್ಟೆ ಹಿಡಿದುಕೊಂಡು ನೆಲದ ಮೇಲೇ ಕೂತಳು. ಅತ್ತೆಗೂ ನಗು ಹತ್ತಿತು. ಮಾಸ್ಟರರು ಮಾತ್ರ ಇದರಲ್ಲಿ ನಗುವಂಥದ್ದೇನಿದೆ ಎಂಬಂತೆ ಇಬ್ಬರನ್ನೂ ನೋಡಿದರು. ಸ್ವಲ್ಪ ಹೊತ್ತಿಗೆ ಸೊಸೆಯ ನಗು ತಾನಾಗಿ ನಿಂತಿತು. ಬಟ್ಟೆಯಲ್ಲಿ ಬಿಟ್ಟ ಅಂಚು ಮಡಿಸಿ ಒಳಗೆ ಹೋಗುತ್ತದೆ, ಇಲ್ಲಿ ಎಲ್ಲವೂ ಹೊರಗೇ ಕಾಣುತ್ತದೆ, ಸರಿ. ಆದರೆ ಮಾವ ಬಿಗಿಯಾಗಿ ಕತ್ತರಿಸಿದ್ದರೆ, ಜೋಡಣೆಯನ್ನು ಅತ್ತ ಇತ್ತ ಸರಿಸುವುದಕ್ಕೆ ಆ ಸಾಲಿನಲ್ಲಿ ಏನೂ ಇರುತ್ತಿರಲಿಲ್ಲ. ಈಗ ಎರಡೂ ತುಂಡಿನಲ್ಲಿ ಒಂದೇ ಹೊಲಿಗೆ ಇದೆ, ಯಾವ ಗಳಿಗೆಯಲ್ಲಿ ಬೇಕಾದರೂ ಸೇರಿಸಬಹುದು.

ಅವಳು ಪಕ್ಕಕ್ಕೆ ಇನ್ನೊಂದು ಸ್ಟೂಲು ಎಳೆದುಕೊಂಡಳು. ತುಂಡುಗಳನ್ನು ಒಂದರ ಕೆಳಗೊಂದು ಸರಿಸುತ್ತಾ, ಎಲ್ಲಿ ಸೇರಿಸಲಿ ಎಂದು ಕೇಳಿದಳು. ಮಾಸ್ಟರರು ತೆರೆಯ ಮೇಲಿನ ತಮ್ಮದೇ ಕೈಯನ್ನು ನೋಡಿ ಹೇಳಿದರು.

“ದಾರ ಬಿಗಿ ಆಗೋ ಹೊತ್ತಿಗೆ. ಆಗ ನೋಡೋರ ಕಣ್ಣೂ ದಾರದ ಜೊತೆ ಎಳ್ಕೊಂಡು ಹೋಗುತ್ತೆ. ಜೋಡಿಸಿದ್ದು ಗೊತ್ತಾಗಲ್ಲ.”

ಸೊಸೆ ಹಾಗೇ ಸೇರಿಸಿದಳು. ದೂರದಿಂದ ಶುರುವಾದ ಎಳೆತ ಹತ್ತಿರದಲ್ಲಿ ಮುಗಿಯಿತು. ಚಿತ್ರ ಬದಲಾದದ್ದು ತಿಳಿಯಲೇ ಇಲ್ಲ. ಇಪ್ಪತ್ತು ಜೋಡಣೆಗಳನ್ನೂ ಇಬ್ಬರೂ ಹೀಗೇ ಕೂತು ಮುಗಿಸಿದರು.

ಬುಧವಾರ ಬೆಳಿಗ್ಗೆ ಸೊಸೆ ಸಣ್ಣ ಪ್ರತಿಗಳನ್ನು ಸರಿಸಿ, ದೊಡ್ಡ ಚಿತ್ರವನ್ನೇ ಹೊರತೆಗೆಯುವುದಕ್ಕೆ ಹಚ್ಚಿದಳು. ಹಳೆಯ ಕಂಪ್ಯೂಟರ್ ಬಿಸಿಯುಸಿರು ಬಿಡುತ್ತಾ ಮಧ್ಯಾಹ್ನದವರೆಗೂ ದುಡಿಯಿತು. ಫ್ಯೂಸ್ ಹೋದೀತೆಂದು ಅತ್ತೆ ಅಷ್ಟು ಹೊತ್ತೂ ಸ್ವಿಚ್ಚಿನ ಕೆಳಗೆ ಕುರ್ಚಿ ಹಾಕಿಕೊಂಡು ಕಾವಲು ಕೂತರು. ಇಸ್ತ್ರಿ ಪೆಟ್ಟಿಗೆಯ ಕಡೆ ಯಾರೂ ಸುಳಿಯಲಿಲ್ಲ.

ಗುರುವಾರ ತರಬೇತಿ ಕೇಂದ್ರದ ಹಾಲಿನಲ್ಲಿ ಕಿಟಕಿಗಳನ್ನು ಮುಚ್ಚಿ ತೆರೆ ಬಿಟ್ಟರು. ಮಾಸ್ಟರರು ಮುಂದಿನ ಸಾಲಿಗೆ ಕರೆದರೂ ಹೋಗದೆ ಕೊನೆಯ ಬೆಂಚಿನ ಹಿಂದೆ ಗೋಡೆಗೆ ಒರಗಿ ನಿಂತರು. ಬೆಂಚಿನಲ್ಲಿ ದಪ್ಪ ಕನ್ನಡಕದ ಹೆಂಗಸೊಬ್ಬಳು ಕೂತಿದ್ದಳು. ಚಿತ್ರ ಶುರುವಾಯಿತು. ಬಾಗಿಲಷ್ಟು ಅಗಲದ ಗುಂಡಿತೂತು, ಹಗ್ಗದಂಥ ದಾರ, ಮೊಳದುದ್ದದ ಸೂಜಿ. ಹೆಂಗಸಿನ ತುಟಿ ಎಣಿಸುತ್ತಾ ಅಲುಗುತ್ತಿತ್ತು. ಮುಗಿದು ದೀಪ ಹಾಕಿದ ಮೇಲೆ ಅವಳು ಅಳುಕುತ್ತಾ ಕೈ ಎತ್ತಿದಳು.

“ಮೇಡಂ, ಒಟ್ಟು ಮೂವತ್ನಾಲ್ಕು ಹೊಲಿಗೆ. ಆದ್ರೆ ಹನ್ನೊಂದನೇದು ಒಂದು ಎಳೆ ಆಚೆ ಬಿದ್ದಿದೆ.”

ಮುಂದೆ ನಿಂತಿದ್ದ ಸೊಸೆ ಗಕ್ಕನೆ ತೆರೆಯತ್ತ ತಿರುಗಿದಳು. ಮೇಡಂ ಆ ಜಾಗವನ್ನು ಮತ್ತೆ ತೋರಿಸಲು ಹೇಳಿ, ಚಿತ್ರ ನಿಲ್ಲಿಸಿದರು. ಹೌದು, ಹನ್ನೊಂದನೆಯ ಹೊಲಿಗೆ ಸಾಲು ಬಿಟ್ಟು ಕೂದಲಿನಷ್ಟು ಹೊರಗಿತ್ತು. ಸಣ್ಣ ಪ್ರತಿಯಲ್ಲಿ ಅದು ಕಂಡಿರಲಿಲ್ಲ, ಮನೆಯ ಚಿಕ್ಕ ಮಾನಿಟರಿನಲ್ಲೂ ಕಣ್ಣು ತಪ್ಪಿಸಿತ್ತು. ನಲವತ್ತೊಂದು ವರ್ಷದಲ್ಲಿ ಅಂಗಡಿಯ ಯಜಮಾನರು ಭೂತಗನ್ನಡಿ ಹಿಡಿದರೂ ಮಾಸ್ಟರರ ಕಾಜದಲ್ಲಿ ತಪ್ಪು ಸಿಕ್ಕಿರಲಿಲ್ಲ. ಸೊಸೆ ಅವರತ್ತ ಓಡಿಬಂದು, ಆ ತುಂಡನ್ನು ತೆಗೆದುಬಿಡುತ್ತೇನೆ, ಇವತ್ತೇ ಹೊಸದಾಗಿ ಚಿತ್ರ ತೆಗೆಯೋಣ ಎಂದು ಪಿಸುಗುಟ್ಟಿದಳು.

ಮಾಸ್ಟರರು ತಲೆಯಲ್ಲಾಡಿಸಿದರು. ಆಮೇಲೆ, ಯಾವ ಸಭೆಯಲ್ಲೂ ಬಾಯಿ ತೆರೆಯದ ಮನುಷ್ಯ, ಅಷ್ಟು ಜನರ ನಡುವೆ ಮೇಡಂಗೆ ಹೇಳಿದರು.

“ತಪ್ಪು ನನ್ನ ಕೈಯದ್ದು ಮೇಡಂ. ಕೊನೇ ಬೆಂಚಲ್ಲಿ ಕೂತೋರು ಅದನ್ನ ಹಿಡಿಯೋ ಹಾಗೆ ಮಾಡಿದ್ದು ನನ್ನ ಸೊಸೆ.”

ವರ್ಷದ ಪಾಠಗಳ ಪತ್ರ ಯಾವ ಸ್ಟುಡಿಯೋ ಹೆಸರಿಗೆ ಬರೆಯಲಿ ಎಂದು ಮೇಡಂ ಕೇಳಿದಾಗ ಸೊಸೆ ತನ್ನ ಹೆಸರನ್ನು ಒಂದೊಂದೇ ಅಕ್ಷರವಾಗಿ ಬಿಡಿಸಿ ಬರೆಸಿದಳು. ಮನೆಗೆ ಹೋಗುವ ದಾರಿಯಲ್ಲಿ ಮಾಸ್ಟರರು ಗುಂಡಿ ಅಂಗಡಿಯವನ ಮುಂದೆ ನಿಂತರು, ಬಸ್ಸಿಗೆ ಕಾಯುತ್ತಿದ್ದ ಹಳೆಯ ಗಿರಾಕಿಯ ಮುಂದೆ ನಿಂತರು, ಗುರುತಿಲ್ಲದ ಇಬ್ಬರನ್ನೂ ಬಿಡಲಿಲ್ಲ. ತಮ್ಮ ಹನ್ನೊಂದನೆಯ ಹೊಲಿಗೆ ತಪ್ಪಿದ್ದನ್ನು, ಅದು ಕೊನೆಯ ಬೆಂಚಿನಿಂದ ಎಷ್ಟು ಸ್ಪಷ್ಟವಾಗಿ ಕಂಡಿತೆಂಬುದನ್ನು, ಎದೆ ಉಬ್ಬಿಸಿಕೊಂಡು ಎಲ್ಲರಿಗೂ ಹೇಳಿದರು.