ಗೋಡೆ ಪಕ್ಕದ ಬೆಂಚು

"ಒಂದೇ ತಿಂಗಳಲ್ಲಿ ಇಡೀ ವರ್ಷದ್ದು ಮುಗಿಸಿದ್ದೀಯ," ಎನ್ನುತ್ತ ಸುರಕ್ಷಾ ಅಧಿಕಾರಿ ಕಾಗದವನ್ನು ವೆಲ್ಡರ್‌ನ ಕಡೆ ತಳ್ಳಿದ. "ನಾಳೆಯಿಂದ ಒಳಗೆ ಕಾಲಿಡಬೇಡ. ಮುಂದಿನ ವರ್ಷ ನೋಡೋಣ."

ಅಂಗಿಗೆ ಸಿಕ್ಕಿಸುವ ಬ್ಯಾಡ್ಜ್ ಎಷ್ಟು ವಿಕಿರಣ ಹೀರಿದೆ ಎಂಬುದು ಆ ಕಾಗದದಲ್ಲಿತ್ತು. ಮಿತಿ ದಾಟಿದವರು ಸೀದಾ ಮನೆಗೆ. ಅದಕ್ಕೇ ಗುತ್ತಿಗೆ ಕೆಲಸಗಾರರು ರಿಯಾಕ್ಟರ್ ಕಟ್ಟಡಕ್ಕೆ ಹೋಗುವ ಮುಂಚೆ ಬ್ಯಾಡ್ಜನ್ನು ಎಲ್ಲಾದರೂ ಬಿಚ್ಚಿಟ್ಟು ಹೋಗುತ್ತಿದ್ದರು. ಮೇಸ್ತ್ರಿ ಕಂಡೂ ಕಾಣದವನಂತೆ ಸಮುದ್ರದ ಕಡೆ ತಿರುಗುತ್ತಿದ್ದ. ಸ್ಥಾವರ ಸರ್ಕಾರದ್ದು, ಸಮುದ್ರವೂ ಸರ್ಕಾರದ್ದು, ಸುಟ್ಟುಕೊಳ್ಳುವ ಮೈ ಮಾತ್ರ ಗುತ್ತಿಗೆಯವರದು.

ವೆಲ್ಡರ್‌ನ ಬ್ಯಾಡ್ಜ್ ಆ ತಿಂಗಳಿಡೀ ಹೆಂಗಸರ ಊಟದ ಕೋಣೆಯಲ್ಲಿ, ಗೋಡೆ ಪಕ್ಕದ ಬೆಂಚಿನ ಮೇಲೆ ಬಿದ್ದಿರುತ್ತಿತ್ತು. ಲಾಂಡ್ರಿಯಲ್ಲಿ ಕೆಲಸಗಾರರ ಬಟ್ಟೆ ಒಗೆಯುವ ಅವನ ಅಕ್ಕ ಅದನ್ನು ಬೆಳಿಗ್ಗೆ ಇಸಿದುಕೊಂಡು ಸಂಜೆ ಕೊಡುತ್ತಿದ್ದಳು. ಮಧ್ಯಾಹ್ನ ಉಂಡು ಅದೇ ಬೆಂಚಿನ ಮೇಲೆ ಅರ್ಧ ಗಂಟೆ ಅಡ್ಡಾಗುತ್ತಿದ್ದಳು. ಲಾಂಡ್ರಿಯವರಿಗೆ ಬ್ಯಾಡ್ಜ್ ಕೊಡುವ ಪದ್ಧತಿಯೇ ಇರಲಿಲ್ಲ.

ಬೆಂಚಿನ ಮೇಲಿದ್ದ ಬ್ಯಾಡ್ಜೇ ಇಷ್ಟು ಹೀರಿದ್ದರೆ ಅಕ್ಕನ ಮೈ ಎಷ್ಟು ಹೀರಿರಬೇಕು ಎಂದು ವೆಲ್ಡರ್‌ಗೆ ಹೊಳೆಯಿತು. ಬಾಯಿ ಮುಚ್ಚಿಕೊಂಡಿದ್ದರೆ ವರ್ಷ ಕಳೆದು ವಾಪಸು ಬರಬಹುದು. ಬಾಯಿ ಬಿಟ್ಟರೆ ಹೆಸರು ಕಪ್ಪುಪಟ್ಟಿಗೆ, ಮತ್ತೆ ಯಾವ ಸ್ಥಾವರದಲ್ಲೂ ಕೆಲಸ ಹುಟ್ಟುವುದಿಲ್ಲ.

"ಬ್ಯಾಡ್ಜ್ ನನ್ನ ಮೈಮೇಲೆ ಇರಲೇ ಇಲ್ಲ ಸಾರ್. ಹೆಂಗಸರ ಕೋಣೇಲಿತ್ತು."

ಅಧಿಕಾರಿಗೆ ಖುಷಿಯಾದಂತೆ ಕಂಡಿತು. ಬಿಳಿ ಹಾಳೆ, ಪೆನ್ನು ತೆಗೆದಿಟ್ಟ. "ಬರ್ಕೊಡು. ಬ್ಯಾಡ್ಜ್ ಹಾಕ್ಕೊಳ್ಳದೇ ಕೆಲಸ ಮಾಡಿದೆ ಅಂತ. ಅಷ್ಟು ಸಾಕು, ಕೋಣೆ ವಿಷಯ ಬೇಡ."

"ಆ ಕೋಣೆ ಗೋಡೆ ಆಚೆ ಕಸದ ಡ್ರಮ್ಮುಗಳನ್ನ ಇಟ್ಟಿದ್ದೀರಿ, ಅಲ್ವಾ? ಅವುಗಳಲ್ಲಿರೋದು ರಿಯಾಕ್ಟರ್‌ನಿಂದ ನಾನೇ ಕತ್ತರಿಸಿದ ಹಳೇ ಪೈಪುಗಳು!"

"ತಾತ್ಕಾಲಿಕವಾಗಿ."

ಆ ಮಾತಿಗೆ ವೆಲ್ಡರ್‌ನ ಮೈಯೆಲ್ಲ ಉರಿದುಹೋಯಿತು. ಪೆನ್ನು ಎಸೆದು ಹೊರಗೆ ಓಡಿದ.

ಕೋಣೆಯಲ್ಲಿ ಹೆಂಗಸರು ಡಬ್ಬಿ ಬಿಚ್ಚಿ ಕೂತಿದ್ದರು. ಅಕ್ಕ ಆಗಲೇ ಉಂಡು ಮಲಗಿದ್ದಳು.

"ಅಕ್ಕ, ಏಳು. ಎಲ್ಲರೂ ಹೊರಗೆ ಬನ್ನಿ!"

"ತಲೆ ಕೆಟ್ಟಿದ್ಯಾ ನಿಂಗೆ? ಈಗಷ್ಟೇ ಬೆನ್ನು ನೆಟ್ಟಗೆ ಮಾಡ್ದೆ."

ಅವನು ಗೋಡೆಯಾಚೆಯ ಡ್ರಮ್ಮುಗಳ ವಿಷಯ ಹೇಳಿದ. ಅಕ್ಕ ಎದ್ದು ಕೂತು ಗೋಡೆಯನ್ನೊಮ್ಮೆ, ತಮ್ಮನನ್ನೊಮ್ಮೆ ದುರುಗುಟ್ಟಿ ನೋಡಿದಳು.

"ನಿನ್ನ ಬ್ಯಾಡ್ಜ್ ಕಾಯ್ತಾ ಕೂತೆನಲ್ಲ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ. ಎಷ್ಟು ದಿನದಿಂದ ಇವೆ ಅವು?"

"ತಿಂಗಳಾಯ್ತು."

"ಆ ಕಾಗದ ಬರದೇ ಇದ್ದಿದ್ರೆ ನೀನೂ ಬರ್ತಿರ್ಲಿಲ್ಲ, ಅಲ್ವಾ?"

ಅಕ್ಕನಿಗೆ ಅವನ ಕೆನ್ನೆಗೊಂದು ಬಾರಿಸಬೇಕೆನಿಸಿತ್ತು. ಅಷ್ಟರಲ್ಲಿ ಇಬ್ಬರು ಕಾವಲುಗಾರರ ಜೊತೆ ಅಧಿಕಾರಿ ಬಂದ. ಕಾವಲುಗಾರರು ವೆಲ್ಡರ್‌ನ ರಟ್ಟೆ ಹಿಡಿದು ಹೊರಗೆಳೆದರು.

"ಇವನ ಮಾತು ಕೇಳ್ಬೇಡಿ. ಏನೂ ಆಗಿಲ್ಲ," ಎಂದ ಅಧಿಕಾರಿ, ಹೊಸ್ತಿಲಾಚೆಯಿಂದಲೇ. "ಆರಾಮಾಗಿ ಊಟ ಮುಗಿಸಿ."

ಅಕ್ಕ ಬೆಂಚಿನ ತುದಿಗೆ ಸರಿದು ಪಕ್ಕದ ಜಾಗವನ್ನು ಕೈಯಿಂದ ಒರೆಸಿದಳು. "ಒಳಗೆ ಬನ್ನಿ ಸಾರ್. ಒಂದೈದು ನಿಮಿಷ ಕೂತು ಹೋಗಿ."

ಅಧಿಕಾರಿ ಕದಲಲಿಲ್ಲ. "ನಂಗೆ ಬೇರೆ ಕೆಲಸ ಇದೆ."

ಹೆಂಗಸರು ಅವನ ಬೂಟುಗಳನ್ನೇ ನೋಡಿದರು. ಅವು ಹೊಸ್ತಿಲಿಂದ ಒಂದು ಗೇಣು ಆಚೆಗಿದ್ದವು. ಒಬ್ಬಳು ಡಬ್ಬಿ ಮುಚ್ಚಿ ಎದ್ದಳು, ಆಮೇಲೆ ಇನ್ನೊಬ್ಬಳು.

ಗೇಟಿನ ಹೊರಗೆ ದಬ್ಬಿಸಿಕೊಂಡ ವೆಲ್ಡರ್ ತಂತಿಬೇಲಿಯ ಸಂದಿಯಿಂದ ನೋಡಿದ. ಹೆಂಗಸರು ಸಮುದ್ರದ ತಡೆಗೋಡೆಯ ಹತ್ತಿರ, ಸುಡುವ ಬಿಸಿಲಲ್ಲಿ ಸಾಲಾಗಿ ಕೂತಿದ್ದರು. ಅಕ್ಕ ಅವನ ಕಡೆ ತಿರುಗಿಯೂ ನೋಡಲಿಲ್ಲ. ಗಾಳಿಗೆ ಮರಳು ಹಾರುತ್ತಿತ್ತು. ಅವಳು ಪಕ್ಕದವಳ ಡಬ್ಬಿಗೆ ಎರಡೂ ಕೈ ಅಡ್ಡ ಹಿಡಿದಿದ್ದಳು.