ಬೆಟ್ಟದ ಚಿತ್ರದಡಿಯ ಸಾಲು

ನನ್ನ ಮಗಳು ನಿಹಾರಿಕಾಳ ಇತಿಹಾಸದ ಪೋಸ್ಟರ್ ಮರುದಿನ ಬೆಳಿಗ್ಗೆ ಶಾಲೆಗೆ ಹೋಗಬೇಕಿತ್ತು. ಆಯ್ಕೆಯಾದರೆ ಆಸ್ಟಿನ್‌ನಲ್ಲಿ ರಾಜ್ಯಮಟ್ಟದ ಸ್ಪರ್ಧೆ. ಉಳಿದಿದ್ದು ಒಂದೇ ಒಂದು ಸಹಿ. ತಮ್ಮ ಸಂದರ್ಶನ ಬಳಸಿಕೊಳ್ಳಲು ವಹ್ರಾಮ್ ಅಂಕಲ್ ಒಪ್ಪಿಗೆ ಕೊಡಬೇಕು. ಪೋಸ್ಟರ್ ನೋಡದೆ ಕೊಡುವುದಿಲ್ಲ ಎಂದಿದ್ದರು. ಅವರ ಮಾತಿಲ್ಲದಿದ್ದರೆ ಮಗಳ ಆರು ವಾರದ ಕೆಲಸ ನೀರಿನಲ್ಲಿ ಹೋಮ.

ಅಂಕಲ್ ಆರ್ಮೇನಿಯದವರು, ಗಡಿಯಾರ ರಿಪೇರಿ ಮಾಡಿ ಬದುಕಿದವರು. ನಾವು ಲೂಯಿಸ್‌ವಿಲ್‌ನಲ್ಲಿದ್ದಾಗ ಪಕ್ಕದ ಅಪಾರ್ಟ್‌ಮೆಂಟ್ ಅವರದು. ನಾನು ಫಾರ್ಮರ್ಸ್ ಬ್ರಾಂಚ್ ಎಂಬ ಊರಿನ ಆಫೀಸಿನಿಂದ ಹೊರಟು ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡ ಸಂಜೆಗಳಲ್ಲಿ ನನ್ನ ಮಗಳಿಗೆ ಅವರೇ ಊಟ ಹಾಕಿದ್ದಾರೆ. ಹತ್ತಿರದ ಪ್ಲೇನೋಗೆ ಶಿಫ್ಟ್ ಆದ ಮೇಲೂ ಆ ಋಣ ನನ್ನ ಮನಸ್ಸಿನಿಂದ ಇಳಿದಿಲ್ಲ.

ಆರ್ಮೇನಿಯನ್ನರು ಮೂಲದಲ್ಲಿ ಎಲ್ಲಿಯವರು ಎಂಬುದೇ ಪೋಸ್ಟರಿನ ವಿಷಯ. ಮೊದಲ ಸಾಲೇ ದಪ್ಪಕ್ಷರದಲ್ಲಿ ಹೀಗಿತ್ತು: 'ಪ್ರಾಚೀನ ಗ್ರೀಕ್ ಬರಹವೊಂದನ್ನು ನೆಚ್ಚಿದವರ ಪ್ರಕಾರ, ಇವರು ಬಾಲ್ಕನ್ ಕಡೆಯಿಂದ ಬಂದವರು.' ಅಂಕಲ್ ಸಂದರ್ಶನದಲ್ಲಿ ಹೇಳಿದ್ದೇ ಬೇರೆ. "ನಾವು ಎಲ್ಲಿಂದಲೂ ಬಂದಿಲ್ಲ. ಆ ಬೆಟ್ಟಗಳ ನಡುವೆಯೇ ಇದ್ದವರು."

"ಆ ಸಾಲು ತೆಗೆದುಬಿಡೇ. ಎಂಬತ್ತೊಂದು ವರ್ಷದವರು, ನೊಂದ್ಕೋತಾರೆ," ಎಂದೆ.

"ಅಮ್ಮಾ, ದಟ್ಸ್ ಚೀಟಿಂಗ್."

"ಚೀಟಿಂಗೂ ಇಲ್ಲ, ಗೀಟಿಂಗೂ ಇಲ್ಲ. ಮರ್ಯಾದೆ ಅಂತಾರೆ ಇದಕ್ಕೆ."

ಹಿರಿಯರ ಮನೆಗೆ ಹೋಗುವಾಗ ಅವರಿಗೆ ಹಿಡಿಸದ ಮಾತನ್ನು ಚಪ್ಪಲಿಯ ಜೊತೆ ಹೊರಗೇ ಬಿಡುವುದು ನಾನು ಬೆಳೆದ ರೀತಿ. ಅವಳು ಕಾರು ಹತ್ತುವ ಮೊದಲು, ಅವಳಿಗೆ ಗೊತ್ತಾಗದಂತೆ, ನಾನೇ ಆ ಸಾಲಿನ ಮೇಲೆ ಆರ್ಮೇನಿಯನ್ನರ ಹೆಮ್ಮೆಯ ಅರರಾತ್ ಬೆಟ್ಟದ ಚಿತ್ರವೊಂದನ್ನು ಅಂಟಿಸಿದೆ. ಸಹಿ ಆದಮೇಲೆ ಕಿತ್ತರಾಯಿತು ಎಂಬ ಲೆಕ್ಕ.

ಅಂಕಲ್ ಪೋಸ್ಟರನ್ನು ತಮ್ಮ ಮನೆಯ ಊಟದ ಮೇಜಿನ ಮೇಲೆ ಹರಡಿ, ಕನ್ನಡಕ ಏರಿಸಿ, ಗಡಿಯಾರದ ಹೊಟ್ಟೆ ನೋಡುವಂತೆ ನೋಡಿದರು. "ಬೆಟ್ಟ ಚೆನ್ನಾಗಿದೆ. ಆದರೆ ಇಲ್ಯಾಕೆ ನಿಂತಿದೆ?" ಎಂದು ಇಂಗ್ಲಿಷಿನಲ್ಲಿ ಕೇಳುತ್ತಾ ಉಗುರಿನಿಂದ ಅದರ ಅಂಚನ್ನು ಎಬ್ಬಿಸಿದರು. ಕೆಳಗಿನ ಸಾಲು ಓದಿದರು. ನಿಹಾರಿಕಾ ನನ್ನನ್ನು ಸುಡುವಂತೆ ನೋಡಿದಳು.

"ಮುಚ್ಚಿದ್ದು ಯಾರು?"

"ನಾನೇ ಅಂಕಲ್. ಇವಳಿಗೆ ಗೊತ್ತಿರಲಿಲ್ಲ. ನಿಮಗೆ ಬೇಜಾರಾಗಬಾರದು ಅಂತ..."

"ನನ್ನ ಶತ್ರುವನ್ನು ನನ್ನಿಂದಲೇ ಬಚ್ಚಿಟ್ಟೆಯಾ?" ಅವರ ದನಿ ಏರಿತು. "ನನ್ನ ಚಿಕ್ಕಂದಿನಲ್ಲಿ ಈ ಮಾತನ್ನು ಶಾಲೆಯಲ್ಲಿ ಮೇಷ್ಟ್ರು ಓದಿದ ದಿನದಿಂದ ಇದರ ಜೊತೆ ಜಗಳ ಆಡ್ತಾ ಇದ್ದೀನಿ. ಇದೇ ಇಲ್ಲದಿದ್ದರೆ ನಾನು ಯಾರ ಜೊತೆ ವಾದ ಮಾಡಲಿ? ಗೋಡೆ ಜೊತೆಯಾ?"

ಅವರು ಮಗಳತ್ತ ತಿರುಗಿದರು. "ಈಗಿನವರು ಏನಂತಾರೆ?"

ಅವಳು ತಡವರಿಸುತ್ತಲೇ ವಿವರಿಸಿದಳು. ಇತ್ತೀಚಿನ ಡಿಎನ್‌ಎ ಅಧ್ಯಯನಗಳಲ್ಲಿ ಬಾಲ್ಕನ್ ನಂಟು ಕಾಣುತ್ತಿಲ್ಲ. ಆದರೆ ಬೆಟ್ಟದವರಲ್ಲೂ ಹಲವು ಜನ ಬಂದು ಬೆರೆತಿದ್ದಾರೆ. ಭಾಷೆ ಯಾವ ದಾರಿಯಿಂದ ಬಂತೆಂಬುದು ಇನ್ನೂ ತೀರ್ಮಾನವಾಗಿಲ್ಲ.

"ಹಾಗಾದರೆ ನಾನು ಪೂರ್ತಿ ಗೆದ್ದಿಲ್ಲ."

"ನಾಟ್ ಫುಲಿ, ಅಂಕಲ್."

ಅವರು ಕನ್ನಡಕ ತೆಗೆದು ಅಂಗಿಯ ಅಂಚಿಗೆ ಒರೆಸಿದರು. ಒಪ್ಪಿಗೆ ಪತ್ರ ಅವರ ಮೊಣಕೈ ಬಳಿ ಬಿದ್ದಿತ್ತು. 'ಎದ್ದು ಮನೆಗೆ ಹೋಗಿ' ಅನ್ನುತ್ತಾರೆ ಎಂದೇ ನಾನು ಕಾದೆ.

"ನಿನ್ನ ಫೋನ್ ತೆಗಿ," ಎಂದರು ಅವಳಿಗೆ. "ಹಿಂದೆ ಸಂದರ್ಶನದಲ್ಲಿ ಹೇಳಿದ್ದರಲ್ಲಿ ಒಂದು ಮಾತು ಬಿಟ್ಟುಹೋಗಿದೆ. ಮತ್ತೆ ರೆಕಾರ್ಡ್ ಮಾಡು."

ಕಾಲರ್ ಸರಿಮಾಡಿಕೊಂಡು ನೆಟ್ಟಗೆ ಕೂತರು. "ನಾವು ಮೊದಲಿನಿಂದಲೂ ಆ ಬೆಟ್ಟಗಳವರೇ ಎಂದು ನಾನು ನಂಬುತ್ತೇನೆ. ನನ್ನಪ್ಪನೂ ನಂಬಿದ್ದ. ಅದು ನಿಜವೇ ಎಂದು ಕೇಳಿದರೆ, ನನಗೆ ಗೊತ್ತಿಲ್ಲ."

ಜೀವಮಾನವಿಡೀ ಹಿಡಿದುಕೊಂಡದ್ದನ್ನು ಹೈಸ್ಕೂಲ್ ಹುಡುಗಿಯ ಫೋನಿನ ಮುಂದೆ ಹೀಗೆ ಅರ್ಧ ಬಿಟ್ಟುಕೊಡಲು ಎಷ್ಟು ಗಟ್ಟಿ ಜೀವ ಬೇಕು! ನನ್ನಿಂದಂತೂ ಆಗದು.

ಪತ್ರ ಎಳೆದುಕೊಂಡು ಸಹಿ ಹಾಕಿದರು. ಪೆನ್ನು ಕೆಳಗಿಡುವ ಮೊದಲೇ ಕೇಳಿದರು: "ಆ ಡಿಎನ್‌ಎ ಅಧ್ಯಯನದಲ್ಲಿ ಎಷ್ಟು ಜನರ ರಕ್ತ ನೋಡಿದ್ದಾರೆ?"

ನಿಹಾರಿಕಾ ಕುರ್ಚಿ ಎಳೆದುಕೊಂಡು ಅವರ ಪಕ್ಕದಲ್ಲಿ ಕೂತಳು.